ಏರ್‌ಬ್ಯಾಗ್ ಓಪನ್ ಆಗಲಿಲ್ಲ, ಯಾರನ್ನು ಕೇಳಬೇಕು?

2017ರ ನವೆಂಬರ್‌ನಲ್ಲಿ ದೆಹಲಿ–ಪಾಣಿಪತ್ ಹೆದ್ದಾರಿಯಲ್ಲಿ ಒಂದು ಹ್ಯುಂಡೈ ಕ್ರೆಟಾ ಅಪಘಾತಕ್ಕೀಡಾಯಿತು. ಮುಂದಿನ ಎರಡು ಏರ್‌ಬ್ಯಾಗ್‌ಗಳಲ್ಲಿ ಒಂದೂ ತೆರೆದುಕೊಳ್ಳಲಿಲ್ಲ. ಮಾಲೀಕರಿಗೆ ತಲೆ, ಎದೆ, ಹಲ್ಲಿಗೆ ಪೆಟ್ಟಾಯಿತು. ಅವರು ಗ್ರಾಹಕ ಆಯೋಗಕ್ಕೆ ಹೋದರೆ ಕಂಪನಿಯ ವಾದ ಏನು ಗೊತ್ತಾ? ಮುಂದಿನಿಂದ ಸಾಕಷ್ಟು ಜೋರಾಗಿ ಗುದ್ದಿದರೆ ಮಾತ್ರ ಅದು ತೆರೆದುಕೊಳ್ಳುತ್ತದಂತೆ. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಕಾರು ಕೊಳ್ಳುವವರು ವೇಗ, ಬಲ ಅಂತ ಲೆಕ್ಕ ಹಾಕುವ ಭೌತಶಾಸ್ತ್ರ ಪಂಡಿತರಾಗಿರಬೇಕಿಲ್ಲ ಅಂದಿತು. 3 ಲಕ್ಷ ರೂಪಾಯಿಯ ಜೊತೆಗೆ ಬೇರೆ ಕಾರನ್ನೂ ಕೊಡಬೇಕು ಎಂಬ ಆದೇಶ ಉಳಿಯಿತು.

ಆ 'ಬೇರೆ ಕಾರು' ಸಣ್ಣ ಮಾತಲ್ಲ. 2006ರಲ್ಲಿ ಮಾರುತಿಯ ಒಂದು ಕೇಸ್‌ನಲ್ಲಿ ಇದೇ ಕೋರ್ಟ್, ವಾರಂಟಿಯಲ್ಲಿ ಬರೆದಿರುವುದು ಕೆಟ್ಟ ಪಾರ್ಟ್ ಬದಲಿಸುವ ಮಾತು ಮಾತ್ರ, ಹಾಗಾಗಿ ಇಡೀ ಕಾರು ಕೇಳುವ ಹಾಗಿಲ್ಲ ಅಂದಿತ್ತು. ಆಮೇಲೆ ಕಂಪನಿಗಳ ವಕೀಲರಿಗೆ ಅದೇ ಗುರಾಣಿ.

ರೀಕಾಲ್, ಅಂದರೆ ದೋಷವಿರುವ ಗಾಡಿಗಳನ್ನು ಕಂಪನಿಯೇ ವಾಪಸ್ ಕರೆಸಿ ಸರಿಪಡಿಸುವುದು, ಅದರ ಕಥೆ ಬೇರೆ. 2012ರಲ್ಲಿ ವಾಹನ ತಯಾರಕರ ಸಂಘ ಸಿಯಾಮ್ ಒಂದು ನೀತಿ ತಂದಿತು. ಆದರೆ ಸ್ವಯಂಪ್ರೇರಿತ, ಅಂದರೆ ಮನಸ್ಸಿದ್ದರೆ ಮಾಡಿ! ಸರ್ಕಾರಕ್ಕೆ ಆದೇಶ ಕೊಡುವ ಅಧಿಕಾರ ಬಂದದ್ದು ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾದ ಮೇಲೆ, ಅದರ ನಿಯಮಗಳು ಜಾರಿಯಾಗಿದ್ದು 2021ರ ಏಪ್ರಿಲ್ 1ಕ್ಕೆ, ಅದೂ 7 ವರ್ಷದೊಳಗಿನ ಗಾಡಿಗಳಿಗೆ ಮಾತ್ರ. ಕಡ್ಡಾಯ ರೀಕಾಲ್‌ಗೆ ದಂಡ 10 ಲಕ್ಷದಿಂದ 1 ಕೋಟಿ. ಆ ದಂಡದ ಹಣ ನಿಮ್ಮ ಜೇಬಿಗೇನೂ ಬರುವುದಿಲ್ಲ ಬಿಡಿ.

ನಿಮ್ಮ ಗಾಯ, ನಿಮ್ಮ ನಷ್ಟಕ್ಕೆ ದಾರಿ ಗ್ರಾಹಕ ಆಯೋಗವೇ. 2020ರ ಜುಲೈನಲ್ಲಿ ಜಾರಿಯಾದ ಹೊಸ ಗ್ರಾಹಕ ಕಾಯ್ದೆಯಲ್ಲಿ 'ಉತ್ಪನ್ನ ಹೊಣೆ' ಅಂತ ಪ್ರತ್ಯೇಕ ಅಧ್ಯಾಯವೇ ಇದೆ. ತಯಾರಿಕೆಯಲ್ಲಿ ಅಥವಾ ವಿನ್ಯಾಸದಲ್ಲಿ ದೋಷವಿದ್ದು ಹಾನಿಯಾದರೆ ತಯಾರಕರೇ ಪರಿಹಾರ ಕೊಡಬೇಕು. ಇನ್ನೊಂದು ಅನುಕೂಲವೂ ಇದೆ: ಕಾರು ಕೊಂಡದ್ದು ಬೆಂಗಳೂರಲ್ಲಿ, ನೀವಿರುವುದು ಹಾವೇರಿಯಲ್ಲಿ ಅಂದರೆ ಹಾವೇರಿಯ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು, ಕಾರಿಗೆ ಕೊಟ್ಟ ಹಣ 50 ಲಕ್ಷ ಮೀರಿರಬಾರದು ಅಷ್ಟೇ. ವಕೀಲರು ಕಡ್ಡಾಯವಲ್ಲ.

ನಿಜವಾದ ತಲೆನೋವು ಸಾಕ್ಷಿಯದು. ಸುಮ್ನೆ ಬಾಯಲ್ಲಿ ಹೇಳಿ ಬಂದರೆ ಸಾಲದು, ಸರ್ವಿಸ್‌ಗೆ ಬಿಟ್ಟಾಗಲೆಲ್ಲ ಜಾಬ್ ಕಾರ್ಡ್‌ನಲ್ಲಿ ದೂರನ್ನು ಬರೆಸಿ, ಪ್ರತಿ ಇಟ್ಟುಕೊಳ್ಳಿ. ಅಪಘಾತವಾದರೆ ರಿಪೇರಿಗೆ ಮೊದಲೇ ಫೋಟೋ ತೆಗೆಯಿರಿ. 'ಮುಂದಿನ ಸರ್ವಿಸ್‌ನಲ್ಲಿ ನೋಡೋಣ ಸಾರ್' ಅನ್ನುವ ಮಾತು ನಂಬಿ ಕೂರಬೇಡಿ, ದೂರು ಕೊಡಲು ಇರುವುದು 2 ವರ್ಷ ಮಾತ್ರ.