ಉಪ್ಪಾಗೆ ಕ್ಯಾಪ್ಸೂಲಿಗೆ ಇಳಿದ ಕತೆ

ಶಿರಸಿ ಕಡೆಯ ನಮ್ಮ ಅತ್ತೆ ಬೆಂಗಳೂರಿಗೆ ಬಂದಿದ್ದಾಗ ಶೆಲ್ಫಿನ ಮೇಲಿದ್ದ ಡಬ್ಬಿಯೊಂದನ್ನು ತಿರುಗಿಸಿ ತಿರುಗಿಸಿ ನೋಡಿದರು. ತೂಕ ಇಳಿಸಲು ತಂಗಿ ತರಿಸಿಕೊಂಡಿದ್ದ ಕ್ಯಾಪ್ಸೂಲು ಅದು. ಹೆಸರು ಗಾರ್ಸೀನಿಯಾ ಕ್ಯಾಂಬೋಜಿಯಾ. ಮೇಲೊಂದು ಹಳದಿ ಹಣ್ಣಿನ ಚಿತ್ರ, ಪುಟ್ಟ ಕುಂಬಳಕಾಯಿಯ ಹಾಗೆ ಮೈತುಂಬ ಗೆರೆ. "ಇದು ಉಪ್ಪಾಗೆ ಅಲ್ವೇನೇ? ಎಷ್ಟು ಕೊಟ್ಟೆ ಇದಕ್ಕೆ?" ಎಂದರು. ತಂಗಿ ರೇಟು ಹೇಳಲಿಲ್ಲ.

ಮಲೆನಾಡಿನಲ್ಲಿ ಸಾರಿನ ಹುಳಿಗೆ ಬಳಸುವ ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಬಿಸಿಲು ಇರುವುದಿಲ್ಲ, ಹಾಗಾಗಿ ಸಿಪ್ಪೆಯನ್ನು ಬೆಂಕಿಯ ಮೇಲೆ ಹೊಗೆಯಲ್ಲಿ ಒಣಗಿಸುತ್ತಾರೆ. ಕಪ್ಪಾಗಿ ಮುದುಡಿಕೊಳ್ಳುತ್ತದೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ. ಕೊಬ್ಬು ಕರಗಿಸುವ ಹಣ್ಣು ಅನ್ನುತ್ತಾರಲ್ಲ, ಅದರ ಬೀಜದ ತುಂಬ ಇರುವುದು ಕೊಬ್ಬೇ! ಕೊಡಗಿನಲ್ಲಿ ಇದರ ರಸ ಕುದಿಸಿ ಕಾಚಂಪುಳಿ ಎಂಬ ಹುಳಿ ಮಾಡುತ್ತಾರೆ. ಅದಿಲ್ಲದೆ ಪಂದಿ ಕರಿ ಇಲ್ಲ.

ಈ ಹುಳಿ ಯಾವುದು ಎಂದು ಪತ್ತೆ ಮಾಡಿದ್ದು ನಮ್ಮ ಮೈಸೂರಿನಲ್ಲೇ. ಟಾರ್ಟಾರಿಕ್, ಸಿಟ್ರಿಕ್ ಆಮ್ಲಗಳೇ ಇರಬೇಕು ಎಂಬ ಮಾತಿತ್ತು. ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಅದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ನಿಂಬೆಹಣ್ಣಿನ ಸಿಟ್ರಿಕ್ ಆಮ್ಲದ್ದೇ ತದ್ರೂಪ, ಒಂದು ಆಮ್ಲಜನಕ ಜಾಸ್ತಿ ಅಷ್ಟೇ.

ಆ ಒಂದು ಪರಮಾಣುವಿನಲ್ಲೇ ಇರುವುದು ಮಜಾ. ಅನ್ನ ಜಾಸ್ತಿ ಉಂಡಾಗ ಮಿಕ್ಕ ಸಕ್ಕರೆಯಲ್ಲಿ ಸ್ವಲ್ಪವನ್ನು ದೇಹ ಕೊಬ್ಬಾಗಿಸುತ್ತದೆ. ಅದಕ್ಕೆ ಮೊದಲು ಆ ಸಕ್ಕರೆಯಿಂದ ಬಂದ ಸಿಟ್ರೇಟ್ (ಸಿಟ್ರಿಕ್ ಆಮ್ಲದ್ದೇ ರೂಪ) ಎಂಬ ಕಣವನ್ನು ತುಂಡು ಮಾಡಬೇಕು. ಆ ಕೆಲಸ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವದ್ದು. ಸಿಕ್ಕ ತುಂಡುಗಳನ್ನು ಪೋಣಿಸಿದರೆ ಕೊಬ್ಬು. ಉಪ್ಪಾಗೆಯ ಆಮ್ಲ ಮಾಡುವುದೇನೆಂದರೆ, ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ, ಸಿಟ್ರೇಟ್ ಕೂರಬೇಕಾದ ಜಾಗವನ್ನು ಹಿಡಿದುಬಿಡುತ್ತದೆ. 1969ರಲ್ಲಿ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಲೋವೆನ್‌ಸ್ಟೈನ್ ತಂಡ ಇದನ್ನು ಕಂಡುಕೊಂಡಿತು. ಮುಂದೆ ಇಲಿಗಳ ಮೇಲೂ ನೋಡಿದರು. ಕೊಬ್ಬಿನ ತಯಾರಿ ಕುಗ್ಗಿತು, ಇಲಿಗಳು ತಿನ್ನುವುದೂ ಕಡಿಮೆಯಾಯಿತು. ಕ್ಯಾಪ್ಸೂಲಿನ ವ್ಯಾಪಾರ ನಿಂತಿರುವುದು ಇದರ ಮೇಲೆ.

ಮನುಷ್ಯರ ಕತೆ ಬೇರೆಯಾಯಿತು. 1998ರಲ್ಲಿ ನ್ಯೂಯಾರ್ಕಿನಲ್ಲಿ ತೂಕ ಜಾಸ್ತಿಯಿದ್ದ 135 ಜನರನ್ನು ಎರಡು ಗುಂಪು ಮಾಡಿ 12 ವಾರ ನೋಡಿದರು. ಎಲ್ಲರಿಗೂ ಮಿತ ಊಟ. ಒಂದು ಗುಂಪಿಗೆ ದಿನಕ್ಕೆ 1500 ಮಿಲಿಗ್ರಾಂ ಉಪ್ಪಾಗೆಯ ಆಮ್ಲ, ಇನ್ನೊಂದಕ್ಕೆ ಸುಮ್ನೆ ಖಾಲಿ ಗುಳಿಗೆ. ಆಮ್ಲ ನುಂಗಿದವರು ಸರಾಸರಿ 3.2 ಕಿಲೋ ಇಳಿದರು. ಖಾಲಿ ಗುಳಿಗೆಯವರು 4.1 ಕಿಲೋ! ಆ ವ್ಯತ್ಯಾಸಕ್ಕೆ ಅಂಕಿಅಂಶದ ಲೆಕ್ಕದಲ್ಲಿ ಬೆಲೆಯಿಲ್ಲ, ಆದರೂ ನಗು ಬರುತ್ತದೆ.

ಯಾಕೆ ಹೀಗೆ? ನಮ್ಮ ಹೊಟ್ಟೆಯ ಟೈರು ಬೆಳೆಯುವುದು ಬಹುಪಾಲು ತಿಂದ ಎಣ್ಣೆ, ತುಪ್ಪದಿಂದ. ಪೂರಿಯ ಎಣ್ಣೆ ಈಗಾಗಲೇ ಕೊಬ್ಬು, ಅದಕ್ಕೆ ಆ ಕಿಣ್ವದ ಹಂಗಿಲ್ಲ. ಸಕ್ಕರೆಯಿಂದ ಹೊಸದಾಗಿ ಕೊಬ್ಬು ತಯಾರಾಗುವುದು ನಮ್ಮಲ್ಲಿ ಸಾಮಾನ್ಯವಾಗಿ ಕಡಿಮೆ. ಕ್ಯಾಪ್ಸೂಲು ಟವೆಲ್ ಹಾಕಿದ್ದು ಅಷ್ಟೇನೂ ರಶ್ ಇಲ್ಲದ ಬಸ್ಸಿಗೆ. ಇದನ್ನು ನುಂಗಿ ಯಕೃತ್ತು ಕೆಟ್ಟು ಆಸ್ಪತ್ರೆ ಸೇರಿದವರೂ ಇದ್ದಾರೆ. ಸಾರಿಗೆ ಹಾಕುವ ಎರಡು ಸಿಪ್ಪೆಯ ಮಾತಲ್ಲ ಇದು, ಗಟ್ಟಿಯಾಗಿಸಿದ ಸಾರದ ಮಾತು.

ಕೊಬ್ಬಿನ ಕೋಶ ಹುಟ್ಟುವುದನ್ನೇ ತಡೆದರೆ? ಲ್ಯಾಬಿನಲ್ಲಿ ಇದನ್ನು ಪರೀಕ್ಷಿಸಲು 3ಟಿ3-ಎಲ್1 ಎಂಬ ಇಲಿಯ ಕೋಶಗಳಿವೆ. ಇನ್ಸುಲಿನ್ ಜೊತೆ ಇನ್ನೆರಡು ಔಷಧ ಹಾಕಿ ಒಂದು ವಾರ, ಹತ್ತು ದಿನ ಬಿಟ್ಟರೆ ಒಳಗೆ ಎಣ್ಣೆಯ ಹನಿಗಳು ತುಂಬಿಕೊಳ್ಳುತ್ತವೆ. ಎಣ್ಣೆಗೆ ಹಿಡಿಯುವ ಬಣ್ಣ ಹಾಕಿದರೆ ತಟ್ಟೆ ಕುಂಕುಮದಂತೆ ಕೆಂಪು. ಮೊದಲೇ ಅರಿಶಿನದ ಕರ್ಕ್ಯುಮಿನ್ ಬೆರೆಸಿದ್ದರೆ ಕೆಂಪು ತಿಳಿಯಾಗುತ್ತದೆ. ನೋಡಲು ಚಂದ. ಆದರೆ ತಟ್ಟೆಗೆ ಹೊಟ್ಟೆಯಿಲ್ಲ, ಕರುಳಿಲ್ಲ. ನಾವು ತಿಂದ ಕರ್ಕ್ಯುಮಿನ್‌ನಲ್ಲಿ ರಕ್ತಕ್ಕೆ ಸೇರುವುದು ಅತ್ಯಲ್ಪ.

ಅಷ್ಟಕ್ಕೂ ಕೊಬ್ಬಿನ ಕೋಶ ವೈರಿ ಅಲ್ಲ, ಅದು ಕಣಜ. ಕಣಜ ಇಲ್ಲದಿದ್ದರೆ ಭತ್ತವನ್ನು ಜಗಲಿ, ಅಡುಗೆಮನೆ, ದೇವರಮನೆಯಲ್ಲೆಲ್ಲ ಸುರಿಯಬೇಕು. ಹುಟ್ಟಿನಿಂದಲೇ ಕೊಬ್ಬಿನ ಕೋಶ ಬಹುತೇಕ ಇಲ್ಲದ ಅಪರೂಪದ ಜನರಿದ್ದಾರೆ. ನೋಡಲು ಸಣಕಲು. ಆದರೆ ಕೊಬ್ಬು ಯಕೃತ್ತಿನಲ್ಲಿ, ಸ್ನಾಯುವಿನಲ್ಲಿ ಸೇರಿಕೊಂಡು ವಿಪರೀತ ಸಕ್ಕರೆ ಕಾಯಿಲೆ ಬರುತ್ತದೆ. ಸಕ್ಕರೆ ಕಾಯಿಲೆಯವರು ನುಂಗುವ ಪಯೋಗ್ಲಿಟಜೋನ್ ಮಾತ್ರೆ ಮಾಡುವುದು ಇದರ ತಿರುಗಾಮುರುಗಾ: ಹೊಸ ಕೊಬ್ಬಿನ ಕೋಶಗಳು ಹುಟ್ಟಲು ಕುಮ್ಮಕ್ಕು ಕೊಡುತ್ತದೆ. ತೂಕ ಸ್ವಲ್ಪ ಏರುತ್ತದೆ, ರಕ್ತದ ಸಕ್ಕರೆ ಇಳಿಯುತ್ತದೆ.

ಉಪ್ಪಾಗೆ ತೋರಿಸಿದ ಕಿಣ್ವವನ್ನಂತೂ ವಿಜ್ಞಾನಿಗಳು ಬಿಡಲಿಲ್ಲ. ಅದೇ ಕಿಣ್ವ ಕೊಲೆಸ್ಟರಾಲ್‌ಗೂ ಕಚ್ಚಾವಸ್ತು ಒದಗಿಸುತ್ತದೆ. ಅದನ್ನು ತಡೆಯುವ ಬೆಂಪೆಡೋಯಿಕ್ ಆಮ್ಲ ಎಂಬ ಔಷಧಿಗೆ 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದು ಉಪ್ಪಾಗೆಯಿಂದ ತೆಗೆದದ್ದಲ್ಲ, ಲ್ಯಾಬಿನಲ್ಲಿ ಕಟ್ಟಿದ್ದು. ಯಕೃತ್ತಿಗೆ ಹೋದ ಮೇಲೇ ಚುರುಕಾಗುತ್ತದೆ, ಸ್ನಾಯುವಿನ ತಂಟೆಗೆ ಹೋಗುವುದಿಲ್ಲ. ಡಾಕ್ಟರು ಅದನ್ನು ಬರೆಯುವುದು ಕೆಟ್ಟ ಕೊಲೆಸ್ಟರಾಲ್ ಇಳಿಸಲು, ಸೊಂಟದ ಸುತ್ತಳತೆ ಇಳಿಸಲು ಅಲ್ಲ.