600 ರೂಪಾಯಿ ಬಜೆಟ್‌ನಲ್ಲಿ ಮನೆಗೆ ಇಂಟರ್‌ನೆಟ್: ರೂಟರ್ ಮೊದಲೋ, ಲೈನ್ ಮೊದಲೋ?

ಪ್ರಶ್ನೆ: ನಮ್ಮದು ತಿಪಟೂರು. ಮನೆಯಲ್ಲಿ ನಾಲ್ಕು ಜನ. ಇಷ್ಟು ದಿನ ಮೊಬೈಲ್ ಡೇಟಾದಲ್ಲೇ ಹೇಗೋ ನಡೆಯುತ್ತಿತ್ತು. ಮಗಳು ಕಾಲೇಜಿಗೆ ಸೇರಿದ ಮೇಲೆ ದಿನದ 2 ಜಿಬಿ ಮಧ್ಯಾಹ್ನಕ್ಕೇ ಖಾಲಿ. ತಿಂಗಳಿಗೆ 600 ರೂಪಾಯಿ ದಾಟಬಾರದು. ಬೀದಿಯ ಕೇಬಲ್‌ನವರು ಒಂದು ಪ್ಲಾನ್ ಹೇಳುತ್ತಾರೆ, ದೊಡ್ಡ ಕಂಪನಿಯವರು ಇನ್ನೊಂದು. ಅಂಗಡಿಯವರು ‘ಮೊದಲು ಒಳ್ಳೆ ರೂಟರ್ ತಗೊಳ್ಳಿ ಸಾರ್’ ಅಂತಾರೆ. ಯಾರ ಮಾತು ಕೇಳಲಿ?

ಉತ್ತರ: ರೂಟರ್ ಈಗಲೇ ಕೊಳ್ಳಬೇಡಿ. ಲೈನ್ ಬರಲಿ, ಅವರೇ ಕೊಡುವ ಡಬ್ಬಿಯಲ್ಲಿ ಎರಡು ವಾರ ನಡೆಸಿ ನೋಡಿ. ಅಲ್ಲಿಯವರೆಗೆ ಬೇರೆ ರೂಟರ್ ಬೇಕೋ ಬೇಡವೋ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಅಂಗಡಿಯವರಿಗೂ ಸಹ.

ಮೊದಲು ಸ್ಪೀಡಿನ ಲೆಕ್ಕ ಮುಗಿಸಿಬಿಡೋಣ. ಎಚ್‌ಡಿ ಸಿನಿಮಾಕ್ಕೆ 5 ಎಂಬಿಪಿಎಸ್ (ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅನ್ನುವ ಸ್ಪೀಡಿನ ಅಳತೆ), 4ಕೆ ಟಿವಿಗೆ 15 ಎಂಬಿಪಿಎಸ್ ಸಾಕು ಅಂತ ನೆಟ್‌ಫ್ಲಿಕ್ಸ್‌ನವರೇ ಹೇಳುತ್ತಾರೆ. ವಿಡಿಯೊ ಕ್ಲಾಸಿಗೆ ನಾಲ್ಕು ಅಂತ ಇಟ್ಟುಕೊಳ್ಳಿ. ನೀವು ಟಿವಿಯಲ್ಲಿ 4ಕೆ ಸಿನಿಮಾ, ಮನೆಯವರು ಫೋನಿನಲ್ಲಿ ಧಾರಾವಾಹಿ, ಮಗಳು ಕ್ಲಾಸು, ಇನ್ನೊಬ್ಬರು ರೀಲ್ಸು, ಎಲ್ಲ ಒಟ್ಟಿಗೆ ನಡೆದರೂ 30 ದಾಟುವುದು ಕಷ್ಟ. 40–50 ಎಂಬಿಪಿಎಸ್ ಪ್ಲಾನ್ ನಿಮಗೆ ಧಾರಾಳ. 200 ತಗೊಂಡರೆ ದೊಡ್ಡ ಫೈಲು ಬೇಗ ಇಳಿಯುತ್ತದೆ, ಅಷ್ಟೇ. ಅದೇ ಸಿನಿಮಾ ಇನ್ನೂ ಚೆನ್ನಾಗೇನೂ ಕಾಣುವುದಿಲ್ಲ.

‘ಅನ್‌ಲಿಮಿಟೆಡ್’ ಅನ್ನುವ ಮಾತಿಗೂ ಒಂದು ಮಿತಿ ಇರುತ್ತದೆ. ದೊಡ್ಡ ಕಂಪನಿಗಳಲ್ಲಿ ಸಾಮಾನ್ಯವಾಗಿ ತಿಂಗಳಿಗೆ 3300 ಜಿಬಿ. ದಿನಕ್ಕೆ 110 ಜಿಬಿ ಆಯಿತು. ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 3 ಜಿಬಿ ತಿನ್ನುತ್ತದೆ. ಅಂದರೆ ದಿನಕ್ಕೆ 36 ಗಂಟೆ ನೋಡಬೇಕು, ದಿನಕ್ಕಿರುವುದೇ 24! ಹಾಗಾಗಿ ಇದು ತಲೆಬಿಸಿಯ ವಿಷಯವಲ್ಲ. ಆದರೆ ಸಣ್ಣ ಆಪರೇಟರುಗಳು ಕಡಿಮೆ ಮಿತಿ ಇಟ್ಟಿರಬಹುದು. ‘ಎಷ್ಟು ಜಿಬಿ ಆದ ಮೇಲೆ ಸ್ಪೀಡ್ ಇಳಿಸ್ತೀರಿ?’ ಅಂತ ನೇರವಾಗಿ ಕೇಳಿ.

ಬೆಲೆ ಕೇಳುವಾಗ ಜಿಎಸ್‌ಟಿ ಮರೆಯಬೇಡಿ. 18% ಸೇರಿದರೆ 499ರ ಪ್ಲಾನ್ 589 ಆಗುತ್ತದೆ. ನಿಮ್ಮ ಬಜೆಟ್‌ಗೆ ಕಡೇ ಮೆಟ್ಟಿಲು ಅದು. 399ರದ್ದು 471 ಆಗುತ್ತದೆ.

ಇಷ್ಟೆಲ್ಲ ಲೆಕ್ಕ ಹಾಕಿದರೂ ಸಂಪರ್ಕ ಚೆನ್ನಾಗಿರುತ್ತದೋ ಇಲ್ಲವೋ ಅನ್ನುವುದು ಪಾಂಪ್ಲೆಟ್‌ನಿಂದ ತಿಳಿಯುವುದಿಲ್ಲ. ಒಂದೇ ಕಂಪನಿ ಒಂದು ಬೀದಿಯಲ್ಲಿ ಬಂಗಾರ, ಪಕ್ಕದ ಬೀದಿಯಲ್ಲಿ ತಲೆನೋವು. ಅಲ್ಲಿ ಲೈನ್ ನೋಡಿಕೊಳ್ಳುವ ಹುಡುಗ ಯಾರು, ಕರೆದರೆ ಬರುತ್ತಾನಾ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅದಕ್ಕೇ ಅಕ್ಕಪಕ್ಕದ ಎರಡು ಮನೆಗೆ ಹೋಗಿ ವಿಚಾರಿಸಿ. ‘ನೆಟ್ ಚೆನ್ನಾಗಿದೆಯಾ?’ ಅಂತ ಕೇಳಿದರೆ ಎಲ್ಲರೂ ‘ಪರವಾಗಿಲ್ಲ’ ಅಂತಾರೆ. ‘ಹೋದ ಮಳೆಗಾಲದಲ್ಲಿ ಎಷ್ಟು ದಿನ ಇರಲಿಲ್ಲ? ಫೋನ್ ಮಾಡಿದ ಎಷ್ಟು ಹೊತ್ತಿಗೆ ಬಂದರು?’ ಅಂತ ಕೇಳಿ. ಹೆಚ್ಚಿನ ಕಡೆ ಫೈಬರ್ (ಬೆಳಕಿನಲ್ಲಿ ನೆಟ್ ತರುವ ಗಾಜಿನೆಳೆಯ ಕೇಬಲ್) ಕರೆಂಟ್ ಕಂಬದ ಮೇಲೇ ಬರುತ್ತದೆ. ಗಾಳಿಗೆ ತೆಂಗಿನ ಗರಿ ಬಿದ್ದರೆ ಅದೂ ಹೋಯಿತು. ಹರಿದ ಲೈನನ್ನು ಅದೇ ದಿನ ಜೋಡಿಸುವ ಕೇಬಲ್‌ನವನು, ಆ್ಯಪ್‌ನಲ್ಲಿ ದೂರು ನಂಬರ್ ಕೊಟ್ಟು ಸುಮ್ಮನಾಗುವ ದೊಡ್ಡ ಕಂಪನಿಗಿಂತ ನನ್ನ ಲೆಕ್ಕದಲ್ಲಿ ಮೇಲು.

ಅವನ ಹತ್ತಿರ ಇನ್ನೊಂದು ಮಾತು ಕೇಳಿಕೊಳ್ಳಿ: ಮನೆಯೊಳಗೆ ಬರುವುದು ಫೈಬರ್ರೋ, ತಾಮ್ರದ ಲ್ಯಾನ್ ವೈರೋ? ಫೈಬರ್ ಆದರೆ ಅವರ ಆಫೀಸಿನಿಂದ ನಿಮ್ಮ ಮನೆಯವರೆಗೆ ನಡುವೆ ಕರೆಂಟ್ ಬೇಡುವ ಯಂತ್ರ ಸಾಮಾನ್ಯವಾಗಿ ಇರುವುದಿಲ್ಲ. ಬೆಳಕನ್ನು ಮನೆಮನೆಗೆ ಹಂಚುವ ಒಂದು ಸಣ್ಣ ಸ್ಪ್ಲಿಟರ್ ಇರುತ್ತದೆ, ಅದಕ್ಕೆ ವಿದ್ಯುತ್ ಬೇಡ. ಲ್ಯಾನ್ ವೈರ್ ಆದರೆ ಯಾರದೋ ತಾರಸಿಯ ಮೇಲೆ ನೆಟ್ ಹಂಚುವ ಸ್ವಿಚ್ ಅನ್ನುವ ಯಂತ್ರ ಕೂತಿರುತ್ತದೆ. ಕರೆಂಟ್ ಹೋಗಿ ಅದಕ್ಕೆ ಬ್ಯಾಟರಿ ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದರೂ ನೆಟ್ ಇಲ್ಲ. ಲೋಡ್‌ಶೆಡ್ಡಿಂಗ್ ಇರುವ ಊರಲ್ಲಿ 50 ಎಂಬಿಪಿಎಸ್ ಹೆಚ್ಚೋ 100 ಹೆಚ್ಚೋ ಅನ್ನುವುದಕ್ಕಿಂತ ಇದು ದೊಡ್ಡ ಪ್ರಶ್ನೆ. ಇನ್ವರ್ಟರ್ ಇಲ್ಲ ಅಂದರೆ ರೂಟರ್‌ಗೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ. ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪ್ ಅಂತ ಬರೆದಿದೆ ನೋಡಿಕೊಂಡು ಹೋಗಿ, ಹೆಚ್ಚಿನವು 12 ವೋಲ್ಟ್. ರೂಟರ್‌ಗೆ ಅಂತ ಎತ್ತಿಟ್ಟ ದುಡ್ಡು ಇದ್ದರೆ ಮೊದಲು ಇದಕ್ಕೆ ಹಾಕಿ.

ಫೈಬರ್ ಬರದ ಬಡಾವಣೆ ಅಥವಾ ತೋಟದ ಮನೆಯಾದರೆ ಏರ್‌ಫೈಬರ್ ಇದೆ. 2023ರಲ್ಲಿ ಏರ್‌ಟೆಲ್, ಜಿಯೋ ಎರಡೂ ಶುರುಮಾಡಿದವು. ಹೆಸರಲ್ಲಿ ಫೈಬರ್ ಇದ್ದರೂ ಮನೆಗೆ ಬರುವುದು ಮೊಬೈಲ್ ಟವರಿನ ಸಿಗ್ನಲ್. ಬೇರೆ ದಾರಿ ಇಲ್ಲದಾಗ ಒಳ್ಳೆಯದೇ. ಫೈಬರ್ ಸಿಗುವ ಕಡೆ ನಾನಂತೂ ಅದರ ಕಡೆ ನೋಡುವುದಿಲ್ಲ.

ಈಗ ರೂಟರ್. ಫೈಬರ್‌ನವರು ಕೊಡುವ ಡಬ್ಬಿಯನ್ನು ಒಎನ್‌ಟಿ ಅಥವಾ ಒಎನ್‌ಯು ಅಂತಾರೆ. ಬಹಳಷ್ಟರಲ್ಲಿ ವೈಫೈ ಒಳಗೇ ಇರುತ್ತದೆ. ಇದರಲ್ಲಿ ಎಲ್‌ಒಎಸ್ ಅಂತ ಒಂದು ದೀಪ ಇದೆ. ಅದು ಕೆಂಪಗೆ ಮಿನುಗಿದರೆ ಬೆಳಕು ಮನೆಯವರೆಗೆ ಬರುತ್ತಿಲ್ಲ ಅಂತ ಅರ್ಥ. ಆಗ ಹತ್ತು ಸಲ ಆಫ್–ಆನ್ ಮಾಡಿ ಪ್ರಯೋಜನವಿಲ್ಲ, ಹುಡುಗನಿಗೇ ಫೋನ್ ಮಾಡಿ.

ಎರಡು ವಾರ ಆದ ಮೇಲೂ ನಿಧಾನ ಅನ್ನಿಸಿದರೆ ಡಬ್ಬಿಯ ಪಕ್ಕ ನಿಂತು ಸ್ಪೀಡ್ ನೋಡಿ, ಆಮೇಲೆ ಮಲಗುವ ಕೋಣೆಯಲ್ಲಿ ನೋಡಿ. ಪಕ್ಕದಲ್ಲೂ ಕಡಿಮೆ ಬಂದರೆ ಡಬ್ಬಿಗೆ ಲ್ಯಾಪ್‌ಟಾಪನ್ನು ವೈರಿನಲ್ಲೇ ಜೋಡಿಸಿ ನೋಡಿ. ವೈರಿನಲ್ಲೂ ಕಡಿಮೆ ಅಂದರೆ ತೊಂದರೆ ಲೈನಿನದು. ಪಕ್ಕದಲ್ಲಿ ಸರಿ, ಕೋಣೆಯಲ್ಲಿ ಇಲ್ಲ ಅಂದರೆ ಗೋಡೆಯದು. ಕಲ್ಲಿನ ಗೋಡೆ, ಬೀರು, ಟಿವಿಯ ಹಿಂಭಾಗ, ಇವೆಲ್ಲ ವೈಫೈಗೆ ಶತ್ರು. ಡಬ್ಬಿಯನ್ನು ಮನೆಯ ನಡುವೆ, ಎತ್ತರದಲ್ಲಿಟ್ಟರೆ ಎಷ್ಟೋ ಮನೆಯಲ್ಲಿ ಅಷ್ಟಕ್ಕೇ ಸರಿಹೋಗುತ್ತದೆ.

ಹಾಗೂ ರೂಟರ್ ಬೇಕೇ ಬೇಕು ಅಂದರೆ ಡ್ಯುಯಲ್ ಬ್ಯಾಂಡ್ ತಗೊಳ್ಳಿ, ಅಂದರೆ ವೈಫೈಗೆ ಎರಡು ತರಂಗಪಟ್ಟಿ ಇರುವುದು. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ನಿಧಾನ, ಅಕ್ಕಪಕ್ಕದ ಮನೆಗಳ ವೈಫೈ ಗಲಾಟೆಯೂ ಜಾಸ್ತಿ. 5 ಗಿಗಾಹರ್ಟ್ಸ್ ವೇಗ, ಆದರೆ ಹತ್ತಿರಕ್ಕೆ ಮಾತ್ರ. (ಇದಕ್ಕೂ ಮೊಬೈಲ್ 5ಜಿಗೂ ಸಂಬಂಧವೇ ಇಲ್ಲ.) ಡಬ್ಬದ ಮೇಲಿನ ‘1200’ ನೋಡಿ ಮರುಳಾಗಬೇಡಿ. ಅದು ಎರಡು ಬ್ಯಾಂಡಿನ ಸ್ಪೀಡು, 300 ಮತ್ತು 867 ಕೂಡಿಸಿ, ಮೇಲೊಂದಿಷ್ಟು ಸೇರಿಸಿ ಬರೆದ ಅಂಕಿ. ನಾನು ಒಮ್ಮೆ ಹಾಗೇ ಮರುಳಾದೆ. 200ರ ಪ್ಲಾನಿಗೆ ಹೊಸ ರೂಟರ್ ತಂದು ಹಾಕಿದರೆ ಸ್ಪೀಡ್ 94 ದಾಟಲೇ ಇಲ್ಲ. ವಾರಗಟ್ಟಲೆ ಕಂಪನಿಯವರ ಜೊತೆ ಜಗಳವಾಡಿದ್ದೆ. ಕಡೆಗೆ ಗೊತ್ತಾಗಿದ್ದು, ರೂಟರಿನ ಹಿಂದಿನ ಪೋರ್ಟೇ 100ರದ್ದು. ನಿಮ್ಮ 50ರ ಪ್ಲಾನಿಗೆ ಅದು ಅಡ್ಡಿಯಿಲ್ಲ. ಮುಂದೆ ಏರಿಸುವ ಯೋಚನೆ ಇದ್ದರೆ ಮಾತ್ರ ಗಿಗಾಬಿಟ್ ಪೋರ್ಟ್ ಕೇಳಿ. ಹಳೇ ಟೆಲಿಫೋನ್ ಲೈನಿಗೆ ಮಾಡಿದ ಮೋಡೆಮ್‌ ಅನ್ನು ಅಗ್ಗಕ್ಕೆ ತಲೆಗೆ ಕಟ್ಟುವವರೂ ಇದ್ದಾರೆ, ವ್ಯಾನ್ ಪೋರ್ಟ್ (ಹೊರಗಿನಿಂದ ಬರುವ ನೆಟ್ ವೈರ್ ಚುಚ್ಚುವ ಜಾಗ) ಇದೆಯಾ ನೋಡಿಕೊಳ್ಳಿ.

ಹಿಂದಿನ ಕೋಣೆಗೆ ಅಂತ ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದೆ ದಾಟಿಸುವ ಡಬ್ಬಿ) ಕೊಳ್ಳುವ ಬದಲು ಒಂದು ಲ್ಯಾನ್ ವೈರ್ ಎಳೆಸಿ, ತುದಿಗೆ ಯಾರಾದರೂ ನೆಂಟರ ಮನೆಯ ಅಟ್ಟದಲ್ಲಿ ಬಿದ್ದಿರುವ ಹಳೇ ರೂಟರನ್ನೇ ಆ್ಯಕ್ಸೆಸ್ ಪಾಯಿಂಟ್ (ವೈರಿನಲ್ಲಿ ಬಂದ ನೆಟ್ಟನ್ನು ವೈಫೈಯಾಗಿ ಹಂಚುವ ಡಬ್ಬಿ) ಮಾಡಿ ಜೋಡಿಸಬಹುದು. ಅಗ್ಗದ ರಿಪೀಟರ್ ಕೇಳಿಸಿಕೊಂಡಿದ್ದನ್ನೇ ಅದೇ ಬ್ಯಾಂಡಿನಲ್ಲಿ ಮತ್ತೆ ಕೂಗಬೇಕು, ಸ್ಪೀಡ್ ಅರ್ಧಕ್ಕೆ ಇಳಿಯುತ್ತದೆ.

ಲೈನ್ ಹಾಕಲು ಬಂದ ಹುಡುಗ ವೈರ್ ಒಳಗೆ ಬಂದ ಕಿಟಕಿಯ ಪಕ್ಕದಲ್ಲೇ ಡಬ್ಬಿ ಹೊಡೆದು ಹೊರಡಲು ನೋಡುತ್ತಾನೆ. ಒಂದು ಲೋಟ ಕಾಫಿ ಕೊಟ್ಟು, ನಡುಮನೆಯವರೆಗೆ ಎಳೆಯಪ್ಪಾ ಅನ್ನಿ. ಹೋಗುವ ಮುಂಚೆ ಲೈನಿನ ಲಾಗಿನ್ ಐಡಿ, ಪಾಸ್‌ವರ್ಡ್ ಇದ್ದರೆ ಒಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದೆ ನಿಮ್ಮದೇ ರೂಟರ್ ಹಾಕುವ ದಿನ ಬಂದರೆ ಅದೇ ಬೇಕಾಗುವುದು.