ಶಾಟ್ ತೆಗೆಯುವಾಗಲೇ ಕಟ್ ಕಾಣಬೇಕು

ಜೂಮ್, ಪ್ಯಾನ್, ಟ್ರಾಲಿ, ಲುಕ್, ಟೇಕ್. ಈ ಪದಗಳನ್ನು ಒಂದು ದಿನದಲ್ಲಿ ಬಾಯಿಪಾಠ ಮಾಡಿಬಿಡಬಹುದು. ಕಷ್ಟವಿರುವುದು, ಪ್ರತಿ ಪದದ ಹಿಂದೆಯೂ ಸಂಕಲನಕಾರನ ಒಂದು ಬೇಡಿಕೆ ಇದೆ ಎಂಬುದನ್ನು ನೆನಪಿಡುವುದರಲ್ಲಿ. ಶೂಟಿಂಗ್ ದಿನ ಅದನ್ನು ಮರೆತರೆ ಎಡಿಟಿಂಗ್ ಟೇಬಲ್ ಮೇಲೆ ಅಂಟದ ತುಣುಕುಗಳೇ ಸಿಗುತ್ತವೆ.

ಮೊದಲು ಅಳತೆಯ ಪದಗಳು. ಒಂದು ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ನಡೆಯುವುದು ಸೀನ್. ಸೆಟ್ಟಿನಲ್ಲಿ ಕ್ಯಾಮೆರಾ ಓಡಲು ಶುರುವಾಗಿ ನಿಲ್ಲುವವರೆಗಿನದು ಶಾಟ್. ಸಂಕಲನದಲ್ಲಿ ಅದೇ ಪದಕ್ಕೆ ಒಂದು ಕಟ್‌ನಿಂದ ಮುಂದಿನ ಕಟ್‌ವರೆಗೆ ಎಂದರ್ಥ. ಅದೇ ಶಾಟನ್ನು ಮತ್ತೆ ಮತ್ತೆ ತೆಗೆದರೆ ಪ್ರತಿಯೊಂದೂ ಒಂದೊಂದು ಟೇಕ್. ಕ್ಲಾಪ್ ಬೋರ್ಡ್ ಮೇಲೆ ಈ ಮೂರೂ ಸಂಖ್ಯೆ ಇರಬೇಕು. ಶುರುವಿನಲ್ಲಿ ಕ್ಲಾಪ್ ಹೊಡೆಯಲು ಆಗದಿದ್ದರೆ ಶಾಟ್ ಮುಗಿದ ಮೇಲೆ, ಕ್ಯಾಮೆರಾ ನಿಲ್ಲಿಸುವ ಮುನ್ನ, ಬೋರ್ಡನ್ನು ತಲೆಕೆಳಗು ಹಿಡಿದು ಹೊಡೆಯುತ್ತಾರೆ. ಅದು ಟೇಲ್ ಸ್ಲೇಟ್. ತಲೆಕೆಳಗಾದ ಬೋರ್ಡ್ ಕಂಡ ಕೂಡಲೇ, ಇದು ಹಿಂದಿನ ಶಾಟಿಗೆ ಸೇರಿದ್ದು, ಮುಂದಿನದಕ್ಕಲ್ಲ ಎಂದು ಗೊತ್ತಾಗುತ್ತದೆ.

ಲೆನ್ಸನ್ನು ಮಾತ್ರ ಹೊಂದಿಸಿದರೆ ಜೂಮ್, ಗಾಲಿಬಂಡಿಯ ಮೇಲೆ ಕ್ಯಾಮೆರಾವನ್ನೇ ಸರಿಸಿದರೆ ಟ್ರಾಲಿ; ಎರಡೂ ಒಂದೇ ಎಂದುಕೊಳ್ಳುವವರು ಬಹಳ. ಒಂದು ಸಣ್ಣ ಲೆಕ್ಕ ಹಾಕಿ. ಪಾತ್ರ ಕ್ಯಾಮೆರಾದಿಂದ 2 ಮೀಟರ್ ದೂರ, ಹಿಂದಿನ ಗೋಡೆ 6 ಮೀಟರ್ ದೂರ. ಟ್ರಾಲಿಯಲ್ಲಿ 1 ಮೀಟರ್ ಮುಂದೆ ಹೋದರೆ ಪಾತ್ರ ಎರಡು ಪಟ್ಟು ದೊಡ್ಡದಾಗುತ್ತದೆ, ಗೋಡೆ ಬರೀ 1.2 ಪಟ್ಟು. ಮುಖ ಹಿನ್ನೆಲೆಯಿಂದ ಬಿಡಿಸಿಕೊಂಡು ನಮ್ಮ ಹತ್ತಿರ ಬಂದಂತಿರುತ್ತದೆ. ನಿಂತಲ್ಲೇ ಜೂಮ್ ಮಾಡಿದರೆ ಮುಖ, ಗೋಡೆ ಎರಡೂ ಸಮನಾಗಿ ಎರಡು ಪಟ್ಟಾಗುತ್ತವೆ; ಚಿತ್ರವನ್ನು ಹಿಗ್ಗಿಸಿದಂತೆ ಕಾಣುತ್ತದೆ, ಹತ್ತಿರ ಹೋದಂತಲ್ಲ. ಟ್ರಾಲಿ ಮುಂದಕ್ಕೆ, ಜೂಮ್ ಹಿಂದಕ್ಕೆ ಒಟ್ಟಿಗೆ ಓಡಿಸಿದರೆ ಮುಖ ಅಷ್ಟೇ ಇದ್ದು ಗೋಡೆ ದೂರ ಸರಿಯುತ್ತದೆ. ಈ ಡಾಲಿ ಜೂಮ್ ಒಂದು ಸಿನಿಮಾದಲ್ಲಿ ಒಮ್ಮೆ ಸಾಕು, ಎರಡನೇ ಸಲಕ್ಕೆ ಗಿಮಿಕ್ ಆಗುತ್ತದೆ.

ಕ್ಯಾಮೆರಾ ಇದ್ದಲ್ಲೇ ಎಡಬಲಕ್ಕೆ ತಿರುಗಿದರೆ ಪ್ಯಾನ್, ಮೇಲೆಕೆಳಗೆ ವಾಲಿದರೆ ಟಿಲ್ಟ್. ಸೆಕೆಂಡಿಗೆ 24 ಫ್ರೇಮಿನಲ್ಲಿ (ಬಿಡಿ ಚಿತ್ರಗಳಲ್ಲಿ) ತೆಗೆಯುವಾಗ ವೇಗವಾಗಿ ಪ್ಯಾನ್ ಮಾಡಿದರೆ ಚಿತ್ರ ತಡವರಿಸುತ್ತದೆ. ಚೌಕಟ್ಟಿನ ಒಂದು ಅಂಚಿನಲ್ಲಿರುವ ಕಂಬ ಇನ್ನೊಂದು ಅಂಚು ತಲುಪಲು ಸುಮಾರು 7 ಸೆಕೆಂಡ್ ಹಿಡಿಯಲಿ ಎಂಬುದು ಹಳೆಯ ಲೆಕ್ಕ. ಶುರುವಿನಲ್ಲೂ ಕೊನೆಯಲ್ಲೂ ಐದೈದು ಸೆಕೆಂಡ್ ಅಲುಗಾಡದೆ ನಿಲ್ಲಿಸಿ, ಇಲ್ಲವಾದರೆ ಅದನ್ನು ಸ್ಥಿರ ಶಾಟಿಗೆ ಜೋಡಿಸಲು ಕಟ್ ಬಿಂದುವೇ ಸಿಗುವುದಿಲ್ಲ.

ಹೆಚ್ಚು ರೀಶೂಟಿಗೆ ಕಾರಣವಾಗುವುದು ಲೈನ್ ಕ್ರಾಸ್. ಇಬ್ಬರು ಎದುರುಬದುರು ಕೂತು ಮಾತಾಡುತ್ತಿದ್ದಾರೆ. ಒಬ್ಬರಿಂದ ಇನ್ನೊಬ್ಬರಿಗೆ ಒಂದು ಗೆರೆ ಎಳೆದಂತೆ ಭಾವಿಸಿ, ಕ್ಯಾಮೆರಾ ಆ ಗೆರೆಯ ಒಂದೇ ಬದಿಯ 180 ಡಿಗ್ರಿಯೊಳಗೆ ಇರಬೇಕು. ಆಗ ಒಬ್ಬರ ಲುಕ್, ಅಂದರೆ ನೋಟದ ದಿಕ್ಕು, ಬಲಕ್ಕೆ, ಇನ್ನೊಬ್ಬರದು ಎಡಕ್ಕೆ. ಬಿಡಿಬಿಡಿ ಕ್ಲೋಸಪ್‌ಗಳಲ್ಲೂ ಇಬ್ಬರು ಒಬ್ಬರನ್ನೊಬ್ಬರು ನೋಡುತ್ತಿದ್ದಾರೆ ಎನಿಸುತ್ತದೆ. ಒಂದು ಕ್ಲೋಸಪ್ಪನ್ನು ಗೆರೆ ದಾಟಿ ತೆಗೆದಿರೋ, ಇಬ್ಬರೂ ಬಲಕ್ಕೇ ನೋಡುತ್ತಾ ಎಲ್ಲೋ ಇರುವ ಮೂರನೆಯವನೊಡನೆ ಮಾತಾಡಿದಂತಾಗುತ್ತದೆ. ಸಜೆಷನ್ ಶಾಟ್, ಅಂದರೆ ಒಬ್ಬರ ಭುಜದ ಮೇಲಿಂದ ಇನ್ನೊಬ್ಬರನ್ನು ತೋರಿಸುವ ಶಾಟ್ ಆದರೆ ತಪ್ಪು ಇನ್ನೂ ಎದ್ದು ಕಾಣುತ್ತದೆ, ಯಾಕೆಂದರೆ ಇಬ್ಬರೂ ಜಾಗ ಬದಲಿಸಿಕೊಂಡು ಕೂತಂತಿರುತ್ತದೆ.

ಪಾತ್ರ ಎದ್ದು ಓಡಾಡಿದರೆ ಗೆರೆಯೂ ಅದರ ಜೊತೆ ಸರಿಯುತ್ತದೆ. ಮೂವರು ಕೂತಲ್ಲಿ ಪ್ರತಿ ಜೋಡಿಗೂ ಒಂದೊಂದು ಗೆರೆ. ತಲೆಯಲ್ಲಿ ಇಟ್ಟುಕೊಳ್ಳುತ್ತೇನೆ ಎನ್ನುವ ಧೈರ್ಯ ಬೇಡ, ಮೇಲಿನಿಂದ ನೋಡಿದಂತೆ ಕಾಗದದಲ್ಲಿ ನಕ್ಷೆ ಬರೆದು ಗೆರೆ ಎಳೆದು ಕ್ಯಾಮೆರಾ ಜಾಗಗಳನ್ನು ಗುರುತಿಸಿ. ಕ್ಲೋಸಪ್ ತೆಗೆಯುವ ಮುನ್ನ ಎದುರು ಪಾತ್ರದ ಶಾಟನ್ನು ಮಾನಿಟರಿನಲ್ಲಿ ಇನ್ನೊಮ್ಮೆ ನೋಡಿ. ಗೆರೆ ದಾಟಲೇಬೇಕಾದರೆ ಗೆರೆಯ ಮೇಲೇ ನಿಂತು ನೇರವಾಗಿ ತೆಗೆದ ಒಂದು ಶಾಟನ್ನು ನಡುವೆ ಇಡಬಹುದು, ಅಥವಾ ಟ್ರಾಲಿಯಲ್ಲಿ ಪ್ರೇಕ್ಷಕರ ಕಣ್ಣೆದುರೇ ದಾಟಬಹುದು. ಇನ್ನು, ಎಡ ಬಲ ಎಂದು ಹೇಳುವುದು ಕ್ಯಾಮೆರಾದ ಕಡೆಯಿಂದ, ನಟರ ಕಡೆಯಿಂದಲ್ಲ. ಹೊಸ ಸಹಾಯಕ ನಿರ್ದೇಶಕರು ಇಲ್ಲಿ ಮುಗ್ಗರಿಸುತ್ತಾರೆ.

ಒಂದೇ ಪಾತ್ರದ ಎರಡು ಶಾಟ್ ಬೆನ್ನುಬೆನ್ನಿಗೆ ಬರುವುದಾದರೆ ಕ್ಯಾಮೆರಾ ಕೋನ 30 ಡಿಗ್ರಿಯಾದರೂ ಬದಲಾಗಲಿ, ಮುಖದ ಅಳತೆಯೂ ಸ್ಪಷ್ಟವಾಗಿ ಬದಲಾದರೆ ಇನ್ನೂ ಒಳ್ಳೆಯದು. ಸ್ವಲ್ಪವೇ ಸರಿಸಿದರೆ ಕಟ್ ಬದಲು ಜಂಪ್ ಕಾಣುತ್ತದೆ.

ಕಟ್ ಮರೆಯಾಗುವುದು ಚಲನೆಯ ನಡುವೆ. ನಟ ಲೋಟ ಎತ್ತುತ್ತಾನೆ ಎನ್ನಿ. ಲಾಂಗ್ ಶಾಟಿನಲ್ಲಿ ಪೂರ್ತಿ ಎತ್ತಿ ಕುಡಿಯಲಿ. ಕ್ಲೋಸಪ್ಪಿನಲ್ಲೂ ಅದಕ್ಕೂ ಹಿಂದಿನ ಸಂಭಾಷಣೆಯಿಂದಲೇ ಶುರುಮಾಡಿ ಮತ್ತೆ ಎತ್ತಲಿ. ಎರಡರಲ್ಲೂ ಅದೇ ಕೈ, ಅದೇ ಪದದ ಮೇಲೆ. ಕೈ ಅರ್ಧ ಮೇಲೇರಿದಾಗ ಕಟ್ ಮಾಡಿದರೆ ಕಣ್ಣು ಕೈಯನ್ನೇ ಹಿಂಬಾಲಿಸುತ್ತದೆ, ಕಟ್ ಕಾಣಿಸುವುದಿಲ್ಲ. ಕಂಟಿನ್ಯೂಟಿ, ಅಂದರೆ ಶಾಟಿನಿಂದ ಶಾಟಿಗೆ ಹೊಂದಿಕೆ, ನೋಡುವವರು ಬಟ್ಟೆಬರೆಯ ಫೋಟೊ ತೆಗೆದರೆ ಮಾತ್ರ ಸಾಲದು, ಯಾವ ಪದಕ್ಕೆ ಯಾವ ಕೈ ಎದ್ದಿತು ಎಂದೂ ಬರೆದುಕೊಳ್ಳಬೇಕು.

ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು, ಚಿಕ್ಕ ವಿಷಯ, ಆದರೆ ತಪ್ಪಿದರೆ ಸರಿಪಡಿಸುವುದು ಬಲು ಕಷ್ಟ. ಒಂದು ಫ್ರೇಮಿನ ಪೂರ್ತಿ ಹೊತ್ತನ್ನು 360 ಡಿಗ್ರಿ ಎಂದು ಲೆಕ್ಕ ಹಿಡಿಯುವುದರಿಂದ, 24 ಫ್ರೇಮಿಗೆ 180 ಡಿಗ್ರಿ ಶಟರ್ ಅಂದರೆ 1/48 ಸೆಕೆಂಡ್. 50 ಹರ್ಟ್ಸ್ ವಿದ್ಯುತ್ತಿನಲ್ಲಿ ಉರಿಯುವ ದೀಪ ಸೆಕೆಂಡಿಗೆ 100 ಸಲ ಮಿಡಿಯುವುದರಿಂದ 1/50 ಇಡಿ, ಅಂದರೆ 172.8 ಡಿಗ್ರಿ, ಪ್ರತಿ ಫ್ರೇಮಿಗೂ ಸರಿಯಾಗಿ ಎರಡು ಮಿಡಿತ ಬೀಳುತ್ತದೆ. 1/60 ಇಟ್ಟರೆ ಪಟ್ಟಿಗಳು ಹರಿದಾಡಬಹುದು. 60 ಹರ್ಟ್ಸ್ ಇರುವಲ್ಲಿ 1/60 ಸರಿ.

ಧ್ವನಿಯಲ್ಲಿ ಎಲ್ಲರೂ ಬಿಟ್ಟುಬರುವುದು ರೂಮ್ ಟೋನ್. ಸೀನ್ ಮುಗಿದ ಮೇಲೆ ಎಲ್ಲರೂ ಇದ್ದಲ್ಲೇ, ದೀಪಗಳೂ ಉರಿಯುತ್ತಿರುವಂತೆ, 30ರಿಂದ 60 ಸೆಕೆಂಡ್ ಮೌನವನ್ನು ರೆಕಾರ್ಡ್ ಮಾಡಬೇಕು. ಸಂಭಾಷಣೆಯ ನಡುವಿನ ಕೆಮ್ಮನ್ನು ಕಿತ್ತುಹಾಕಿದ ಜಾಗಕ್ಕೆ ಈ ಮೌನವನ್ನೇ ತುಂಬುವುದು. ಬರಿದೇ ಬಿಟ್ಟರೆ ಕಿವಿಗೆ ಗುಂಡಿ ಬಿದ್ದಂತಾಗುತ್ತದೆ. ಸದ್ದು ಮಾಡುವ ಫ್ರಿಜ್ ಆರಿಸಿದ್ದರೆ ಕಾರಿನ ಕೀಲಿಯನ್ನು ಅದರೊಳಗೇ ಇಡಿ, ಪ್ಯಾಕಪ್ ಆದ ಮೇಲೆ ಮತ್ತೆ ಹಾಕಲು ಮರೆಯುವುದಿಲ್ಲ.

ಚಿತ್ರಕ್ಕಿಂತ ಮುಂಚೆ ಮುಂದಿನ ಶಾಟಿನ ಧ್ವನಿ ಬಂದರೆ ಜೆ ಕಟ್, ಚಿತ್ರ ಬದಲಾದ ಮೇಲೂ ಹಿಂದಿನ ಧ್ವನಿ ಉಳಿದರೆ ಎಲ್ ಕಟ್. ಎಡಿಟಿಂಗ್ ತೆರೆಯ ಟೈಮ್‌ಲೈನಿನಲ್ಲಿ ಚಿತ್ರ, ಧ್ವನಿಯ ಪಟ್ಟಿಗಳು ಆ ಅಕ್ಷರಗಳ ಆಕಾರದಲ್ಲಿ ಕಾಣುವುದರಿಂದ ಈ ಹೆಸರು. ಎಲ್ ಕಟ್ ಬೇಕೆಂದರೆ ಕೇಳಿಸಿಕೊಳ್ಳುವವರ ಮುಖ ಬೇಕು. ಹಾಗಾಗಿ ಸಂಭಾಷಣೆ ಇಲ್ಲದ ನಟರ ಕ್ಲೋಸಪ್ಪನ್ನೂ ಸೀನಿನ ಮೊದಲ ಮಾತಿನಿಂದ ಕೊನೆಯವರೆಗೆ, ಎದುರು ನಟರನ್ನು ಕ್ಯಾಮೆರಾ ಪಕ್ಕದಲ್ಲಿ ನಿಲ್ಲಿಸಿ ಪೂರ್ತಿ ಸಂಭಾಷಣೆ ಹೇಳಿಸುತ್ತಾ ತೆಗೆಯಿರಿ.